ಮೆದುಳಿನಲ್ಲಿ ಯಾವ ಸೋಡಿಯಂ ಪಂಪು ಎಲ್ಲಿರುತ್ತದೆ?

ಪ್ರಶ್ನೆ: ಸೋಡಿಯಂ ಪಂಪು ದೇಹದ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೆ. ನರಮಂಡಲದಲ್ಲಿ ಅದರ ಮೂರು ಬಗೆಗಳಿವೆಯಂತೆ. ಮಾಡುವ ಕೆಲಸ ಒಂದೇ ಆದರೆ ಮೂರು ಬಗೆ ಏಕೆ?

ಉತ್ತರ: ಕೆಲಸ ಒಂದೇ, ನಿಜ. ಒಂದು ಎಟಿಪಿ ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಕೋಶದಿಂದ ಹೊರಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುವುದು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರದಲ್ಲಿ ಇದನ್ನು ಗುರುತಿಸಿ 1957ರಲ್ಲಿ ಪ್ರಕಟಿಸಿದರು. ಅದಕ್ಕೆ ನೊಬೆಲ್ ಬಂದದ್ದು 1997ರಲ್ಲಿ. ಆದರೆ ಈ ಕೆಲಸದ ಹೊರೆ ಎಲ್ಲ ಕೋಶಗಳಲ್ಲೂ ಒಂದೇ ಸಮ ಇರುವುದಿಲ್ಲ. ಬಗೆಗಳು ಹುಟ್ಟಿರುವುದು ಅದಕ್ಕಾಗಿಯೇ.

ಪಂಪಿನ ದುಡಿಯುವ ಭಾಗದ ಹೆಸರು ಆಲ್ಫಾ. ಇದರಲ್ಲಿ ನಾಲ್ಕು ಬಗೆ. ನಾಲ್ಕನೆಯದು ವೀರ್ಯಾಣುಗಳದ್ದು, ಅದನ್ನು ಇಲ್ಲಿ ಬಿಡೋಣ. ಆಲ್ಫಾ-1 ಎಲ್ಲ ಕಡೆಯೂ ಇದೆ, ದಿನವಿಡೀ ದುಡಿಯುತ್ತದೆ. ಆಲ್ಫಾ-3 ನರಕೋಶಗಳ ಸ್ವಂತದ್ದು. ಇದಕ್ಕೆ ಸೋಡಿಯಂ ಹಿಡಿಯುವ ಆತುರ ಕಡಿಮೆ, ಹಾಗಾಗಿ ಕೋಶ ಸುಮ್ಮನಿರುವಾಗ ಇದರ ಸಾಮರ್ಥ್ಯ ಪೂರ್ತಿ ಬಳಕೆಯಾಗುವುದಿಲ್ಲ. ನರಕೋಶ ಪಟಪಟನೆ ಸಂಕೇತ ಕಳಿಸಿ ಒಳಗೆ ಸೋಡಿಯಂ ಏರಿದಾಗ ಇದು ಭರದಿಂದ ಕೆಲಸಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಕಾಲುವೆ ಉಕ್ಕಿದಾಗ ಮಾತ್ರ ಪೂರ್ತಿ ಎತ್ತುವ ತೂಬಿನ ಹಾಗೆ.

ಆದ್ದರಿಂದಲೇ ಬಿಡುವಿಲ್ಲದೆ ಮಿಡಿಯುವ ಕೋಶಗಳಲ್ಲಿ ಆಲ್ಫಾ-3 ದಟ್ಟವಾಗಿರುತ್ತದೆ. ಕಿರುಮೆದುಳನ್ನು ನೋಡಿ. ಅಲ್ಲಿನ ದೊಡ್ಡ ಪರ್ಕಿಂಜೆ ಕೋಶಗಳಲ್ಲಿ ಆಲ್ಫಾ-3 ಮೇಲುಗೈ. ಅವುಗಳಿಗೆ ಅಂಟಿಕೊಂಡ ಪದರದ ಪುಟ್ಟ ಗ್ರ್ಯಾನ್ಯೂಲ್ ಕೋಶಗಳಲ್ಲಿ ಹೆಚ್ಚಾಗಿ ಆಲ್ಫಾ-1. ಎರಡೂ ನರಕೋಶಗಳೇ, ಆದರೂ ಪಂಪು ಬೇರೆ. ಸ್ನಾಯು ಎಷ್ಟು ಹಿಗ್ಗಿದೆ ಎಂದು ಬೆನ್ನುಹುರಿಗೆ ಸುದ್ದಿ ಮುಟ್ಟಿಸುವ ದಪ್ಪ ನರತಂತುಗಳಲ್ಲೂ ಆಲ್ಫಾ-3 ಇದೆ. ಕಣ್ಣು ಮುಚ್ಚಿಕೊಂಡರೂ ನಿಮ್ಮ ಕೈ ಎಲ್ಲಿದೆ ಎಂದು ತಿಳಿಯುವುದು ಈ ತಂತುಗಳಿಂದ.

ಇನ್ನು ಆಲ್ಫಾ-2. ಪ್ರೌಢ ಮೆದುಳಿನಲ್ಲಿ ಇದು ನರಕೋಶಗಳಿಗೆ ಒತ್ತಾಸೆಯಾಗಿರುವ ಆಸ್ಟ್ರೊಸೈಟ್ ಕೋಶಗಳಲ್ಲಿದೆ, ಅದರಲ್ಲೂ ಎರಡು ನರಕೋಶಗಳು ಸಂಧಿಸುವ ಜಾಗವನ್ನು ಸುತ್ತುವರಿದ ಎಳೆಗಳಲ್ಲಿ. ಸಂಕೇತ ದಾಟಿದ ಮೇಲೆ ಅಲ್ಲಿ ಉಳಿದ ಪೊಟ್ಯಾಸಿಯಂ ಮತ್ತು ಸಂಕೇತ ಒಯ್ಯುವ ರಾಸಾಯನಿಕವಾದ ಗ್ಲುಟಮೇಟನ್ನು ಬೇಗ ತೆಗೆಯಬೇಕು. ಗ್ಲುಟಮೇಟ್ ಆಸ್ಟ್ರೊಸೈಟ್ ಒಳಗೆ ಹೋಗುವುದು ಸೋಡಿಯಂ ಜೊತೆಯಲ್ಲಿ, ಆ ಸೋಡಿಯಂ ಮತ್ತೆ ಹೊರಬರುವುದು ಪಂಪಿನಿಂದ. ವಿಶೇಷವೆಂದರೆ, ಹುಟ್ಟುವ ಮೊದಲು ಇಲಿಮರಿಯ ನರಕೋಶಗಳಲ್ಲೂ ಆಲ್ಫಾ-2 ಇರುತ್ತದೆ. ಅದು ಇಲ್ಲದಂತೆ ಮಾಡಿದ ಮರಿಗಳು ಉಸಿರಾಡಲಾಗದೆ ಹುಟ್ಟಿದೊಡನೆ ಸಾಯುತ್ತವೆ.

ಈ ಹಂಚಿಕೆ ಎಷ್ಟು ಮುಖ್ಯ ಎಂಬುದನ್ನು ನನಗೆ ಮನವರಿಕೆ ಮಾಡಿಸಿದ್ದು ರೋಗಗಳು. ಆಲ್ಫಾ-2 ಜೀನಿನಲ್ಲಿ ದೋಷವಿದ್ದರೆ ಮೈಯ ಒಂದು ಪಕ್ಕ ತಾತ್ಕಾಲಿಕವಾಗಿ ಸೋಲುವ, ವಂಶಪಾರಂಪರ್ಯದ ಮೈಗ್ರೇನ್ ಬರುತ್ತದೆ. ಇದು 2003ರಲ್ಲಿ ತಿಳಿಯಿತು. ಆಲ್ಫಾ-3 ಕೆಟ್ಟರೆ ಕಾಣುವುದು ಚಲನೆಯ ತೊಂದರೆ. ಅದರಲ್ಲಿ ಒಂದು ಹಸುಗೂಸುಗಳನ್ನು ಕಾಡುತ್ತದೆ: ಒಮ್ಮೆ ಎಡಗಡೆ, ಇನ್ನೊಮ್ಮೆ ಬಲಗಡೆ, ಕೆಲವೊಮ್ಮೆ ಎರಡೂ ಕಡೆ ಲಕ್ವ ಹೊಡೆದಂತಾಗುತ್ತದೆ. ಮಗು ನಿದ್ದೆಹೋದರೆ ಎಲ್ಲ ಸರಿಹೋಗುತ್ತದೆ, ಎದ್ದ ಸ್ವಲ್ಪ ಹೊತ್ತಿಗೆ ಮತ್ತೆ ಮರಳಬಹುದು. ಆಲ್ಫಾ-1 ಪಕ್ಕದಲ್ಲೇ ಇದ್ದರೂ ಆ ಕೊರತೆ ತುಂಬಲಾರದು. ಬಹುತೇಕ ಪ್ರಕರಣಗಳಲ್ಲಿ ಈ ದೋಷ ಹೆತ್ತವರಲ್ಲಿ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಉಂಟಾಗುತ್ತದೆ. 2012ರಲ್ಲಿ ಜೀನು ಗೊತ್ತಾದ ಮೇಲೆ, ಮೂರ್ಛೆರೋಗವೆಂದು ತಪ್ಪಾಗಿ ಭಾವಿಸಲಾಗಿದ್ದ ಮಕ್ಕಳಿಗೂ ರಕ್ತಪರೀಕ್ಷೆಯಿಂದ ಕಾಯಿಲೆಯ ಸರಿಯಾದ ಕಾರಣ ಹೇಳಲು ಸಾಧ್ಯವಾಗಿದೆ.