ಕುಡಿತ ಬಿಟ್ಟ ಮೇಲೆ ಯಾರ ಜೊತೆ ಕೂರಬೇಕು?

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯವರಿಗೆ 42 ವರ್ಷ. ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕಾಂಟ್ರಾಕ್ಟ್ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬಂದವರು ಮುಂಜಾನೆಯೇ ಕುಡಿಯುತ್ತಾರೆ. ಯುಗಾದಿಗೆ ದೇವಸೂಗೂರಿನ ಸೂಗೂರೇಶ್ವರನ ಮುಂದೆ ಆಣೆ ಮಾಡಿ ಬಿಟ್ಟರು. ಎರಡನೇ ದಿನ ಫಿಟ್ಸ್ ಬಂತು. ‘ಒಮ್ಮೆಲೇ ಬಿಟ್ಟಿದ್ದಕ್ಕ ಹಿಂಗಾತು’ ಅಂತ ಓಣಿಯವರು ಮತ್ತೆ ಕುಡಿಸಿದರು. ಕುಡಿತ ಬಿಟ್ಟವರ ಸಂಘ ಇರುತ್ತದಂತೆ. ಎಲ್ಲಿ ಕೇಳಲಿ? ಇವರನ್ನು ನೇರ ಅಲ್ಲಿಗೇ ಕರೆದೊಯ್ಯಲೇ?
– ಒಬ್ಬ ಸಹೋದರಿ, ಶಕ್ತಿನಗರ

ಉತ್ತರ: ನೇರ ಬೇಡ ತಾಯಿ. ಮೊದಲು ಆಸ್ಪತ್ರೆ, ಆಮೇಲೆ ಸಂಘ.

ಓಣಿಯವರು ಹೇಳಿದ ಕಾರಣ ಸರಿ, ಮಾಡಿದ ಉಪಾಯ ತಪ್ಪು. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳಿಗೆ ಅದು ಥಟ್ಟನೆ ಸಿಗದೆ ಹೋದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಕಲಸಿ, ಇಲ್ಲದ ಹುಳ, ಇಲ್ಲದ ಮನುಷ್ಯರು ಕಾಣುತ್ತಾರೆ. ಇದು ದೆವ್ವವೂ ಅಲ್ಲ, ಆಣೆ ಮುರಿದ ಶಾಪವೂ ಅಲ್ಲ. ಆದರೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಒಮ್ಮೆ ಫಿಟ್ಸ್ ಬಂದವರು ಮನೆಯಲ್ಲಿ ತಾವಾಗಿಯೇ ಕುಡಿತ ನಿಲ್ಲಿಸಲು ಹೋಗಬಾರದು.

ರಾಯಚೂರಿನ ರಿಮ್ಸ್‌ನಲ್ಲಿ ಮಾನಸಿಕ ರೋಗ ವಿಭಾಗವಿದೆ. ಹಿಂದೆ ಫಿಟ್ಸ್ ಬಂದದ್ದನ್ನು ಚೀಟಿ ಮಾಡಿಸುವಾಗಲೇ ಹೇಳಿ. ಸಾಮಾನ್ಯವಾಗಿ ಒಂದು ವಾರದ ಆಸುಪಾಸು ಒಳರೋಗಿಯಾಗಿ ಇಟ್ಟುಕೊಂಡು, ನಡುಕ ತಡೆಯುವ ಮಾತ್ರೆ ಮತ್ತು ಥಯಾಮಿನ್ ಎಂಬ ಬಿ-1 ಜೀವಸತ್ವ ಕೊಡುತ್ತಾರೆ. ಸುಸ್ತಾಯಿತೆಂದು ಊರಲ್ಲೇ ಗ್ಲೂಕೋಸ್ ಬಾಟಲಿ ಏರಿಸುವ ರೂಢಿ ನಮ್ಮ ಕಡೆ ಬಹಳ. ಬಿ-1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಕುಡಿಯುವವರ ಮಿದುಳಿಗೆ ಕಾಯಂ ಪೆಟ್ಟು ಬೀಳಬಹುದು. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ನಡುಕ ನಿಂತು ಮನೆಗೆ ಬಂದ ಮೇಲೆ ಪಗಾರದ ದಿನ ಬರುತ್ತದೆ, ಅದೇ ಗೆಳೆಯರು, ಅದೇ ಅಂಗಡಿ. ಸಂಘ ಬೇಕಾಗುವುದು ಆಗ. ಆಲ್ಕೋಹಾಲಿಕ್ಸ್ ಅನಾನಿಮಸ್, ಜನ ಎ.ಎ. ಎನ್ನುತ್ತಾರೆ, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ್ದು. ಅವರಲ್ಲೊಬ್ಬ ಡಾಕ್ಟರ್. ಅಲ್ಲಿ ಭಾಷಣವಿಲ್ಲ, ಶುಲ್ಕವಿಲ್ಲ, ಜಾತಿ ಕೇಳುವುದಿಲ್ಲ. ಒಬ್ಬ ಎದ್ದು ತನ್ನ ಹೆಸರಷ್ಟೇ ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎನ್ನುತ್ತಾನೆ. ಹೆಂಡತಿಯ ತಾಳಿ ಅಡವಿಟ್ಟದ್ದು, ಮಗಳು ಮುಖ ತಿರುಗಿಸಿದ್ದು, ಇವತ್ತು ಒಂದು ದಿನ ಕುಡಿಯದೆ ಕಳೆದದ್ದು, ಎಲ್ಲ ಹೇಳಿಕೊಳ್ಳುತ್ತಾನೆ. ಎದುರಿಗೆ ಕೂತವರು ಬುದ್ಧಿ ಹೇಳುವುದಿಲ್ಲ, ತಲೆದೂಗುತ್ತಾರೆ. ಎಲ್ಲರೂ ಆ ಹಾದಿ ತುಳಿದವರೇ. ಏಳುವ ಮುನ್ನ ಹಳಬರೊಬ್ಬರು ಹೊಸಬನಿಗೆ ಫೋನ್ ನಂಬರ್ ಕೊಡುತ್ತಾರೆ. ರಾತ್ರಿ ಚಟ ಎಳೆದಾಗ ಆ ಫೋನು ಮಾಡುವ ಕೆಲಸವನ್ನು ನನ್ನ ಯಾವ ಮಾತ್ರೆಯೂ ಮಾಡಲಾರದು.

ಹುಡುಕುವುದು ಹೀಗೆ. ರಿಮ್ಸ್‌ನಿಂದ ಬಿಡುಗಡೆಯಾಗುವಾಗ ಅಲ್ಲಿನ ಆಪ್ತಸಮಾಲೋಚಕರನ್ನೇ ಹತ್ತಿರದ ಸಭೆ ಎಲ್ಲಿ, ಯಾವ ವಾರ ಎಂದು ಕೇಳಿ. ವ್ಯಸನಮುಕ್ತಿಗೆ ಇರುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ನೀವು ಧರ್ಮಸ್ಥಳದ ಸ್ವಸಹಾಯ ಸಂಘದಲ್ಲಿದ್ದರೆ ಸೇವಾಪ್ರತಿನಿಧಿಯನ್ನು ಕೇಳಿ. ಅವರ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಶಿಬಿರ ಮುಗಿಸಿದವರು ನವಜೀವನ ಸಮಿತಿಯಾಗಿ ಮತ್ತೆ ಮತ್ತೆ ಕೂಡುತ್ತಾರೆ. ನನಗೆ ಶಿಬಿರಕ್ಕಿಂತ ಈ ಸಮಿತಿಯೇ ದೊಡ್ಡದು. ಆದರೆ ನಿಮ್ಮ ಯಜಮಾನರು ಡಾಕ್ಟರ ಒಪ್ಪಿಗೆಯಿಲ್ಲದೆ ಶಿಬಿರಕ್ಕೆ ಹೋಗುವುದು ಬೇಡ.

ಅವರು ಬರಲೊಲ್ಲೆ ಎಂದರೂ ನೀವು 14446ಕ್ಕೆ ಫೋನ್ ಮಾಡಿ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ನಿಮಗೂ ಯಾರಾದರೂ ಬೇಕು.

ಪ್ರಶ್ನೆ: ನಾನು ಕುಡಿಯುವುದು ಬರೀ ಸೇಂದಿ. ಬಿಡಬೇಕೆಂದಿದ್ದೇನೆ. ಸಂಘದಲ್ಲಿ ಸೇರಿಸಿಕೊಳ್ಳುತ್ತಾರಾ?
– ಒಬ್ಬ ಓದುಗ, ದೇವದುರ್ಗ

ಉತ್ತರ: ಖಂಡಿತ. ಎ.ಎ.ಗೆ ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ಆದರೆ ‘ಬರೀ ಸೇಂದಿ’ ಎನ್ನಬೇಡಿ. ನಮ್ಮ ಜಿಲ್ಲೆಯಲ್ಲಿ ಸಿ.ಎಚ್. ಪುಡಿ ಬೆರೆಸಿದ ಸೇಂದಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ದಿನಾ ಕುಡಿದು ಥಟ್ಟನೆ ಬಿಟ್ಟರೆ ಇದರಲ್ಲೂ ಫಿಟ್ಸ್, ಭ್ರಮೆ ಬರುತ್ತವೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ, ಮಾನಸಿಕ ತಜ್ಞರಿಗೆ ಎಷ್ಟು, ಎಷ್ಟು ವರ್ಷದಿಂದ ಎಂದು ಮುಚ್ಚಿಡದೆ ಹೇಳಿ. ಸಂಘದ ಸಭೆಗೆಂದು ವಾರವಾರ ರಾಯಚೂರಿಗೆ ಬಸ್ ಹಿಡಿಯುವುದು ಕಷ್ಟವಾದರೆ, ಊರಲ್ಲೇ ಬಿಟ್ಟವರು ಇನ್ನೊಬ್ಬರಿದ್ದಾರಾ ನೋಡಿ. ಇಬ್ಬರಿದ್ದರೆ ಕೂಟ ಶುರುವಾಗುತ್ತದೆ.

ಪ್ರಶ್ನೆ: ಅಣ್ಣನ ಸಾರಿನಲ್ಲಿ ಅವನಿಗೆ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ ಹಾಕುತ್ತಿದ್ದೇವೆ. ತಪ್ಪೇ?
– ಒಬ್ಬ ತಂಗಿ, ಮಾನ್ವಿ

ಉತ್ತರ: ಇವತ್ತೇ ನಿಲ್ಲಿಸಮ್ಮ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ರೋಗಿ ತಿಳಿದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದು ಒಳ್ಳೆಯ ಮದ್ದೇ. ಪುಡಿ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯುತ್ತದೆ. ಆದ್ದರಿಂದ ಅಣ್ಣನಿಗೆ ವಿಷಯ ಹೇಳಲೇಬೇಕು. ಸಿಟ್ಟಾಗುತ್ತಾನೆ, ಆಗಲಿ. ಕುಡಿದು ಎದೆ ಹಿಡಿದುಕೊಂಡರೆ 108ಕ್ಕೆ ಫೋನ್ ಮಾಡಿ. ಉಳಿದ ಪೊಟ್ಟಣ ಎಸೆಯಬೇಡಿ, ಆಸ್ಪತ್ರೆಗೆ ತಂದು ಡಾಕ್ಟರಿಗೆ ತೋರಿಸಿ.