ರಜೆಯ ಭೋಗ್ಯ

ಎಡಿಸನ್, ನ್ಯೂಜೆರ್ಸಿ
ಭಾನುವಾರ ಬೆಳಿಗ್ಗೆ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಶುಕ್ರವಾರ ರಾತ್ರಿ ನೀನು ಕಳಿಸಿದ ಫೋಟೋಗಳನ್ನು ನೋಡಿದೆವು. ಕಿರಿಯವನು ಮಿಕ್ಕಿಯ ಕಿವಿ ಹಾಕಿಕೊಂಡೇ ನಿದ್ದೆಹೋಗಿರುವ ಚಿತ್ರವನ್ನು ದೊಡ್ಡಮ್ಮ ಫೋನಿನ ಪರದೆಗೆ ಹಾಕಿಕೊಂಡು ಎದುರುಮನೆಯವರಿಗೆಲ್ಲ ತೋರಿಸಿ ಬಂದಳು. ಆ ಚಿತ್ರಗಳ ಕೆಳಗೆ ನೀನು ಒಂದು ಸಾಲು ಸೇರಿಸಿದ್ದೆ: ‘ದೊಡ್ಡಪ್ಪ, ಸೋಮವಾರ ಡಿಸ್ನಿ ವೆಕೇಶನ್ ಕ್ಲಬ್‌ಗೆ ಸೈನ್ ಮಾಡಿದ್ವಿ. ರಿವಿಯೇರಾ ರೆಸಾರ್ಟ್, 150 ಪಾಯಿಂಟ್. ಸರಿ ಮಾಡಿದ್ವಾ?’

ತಾಳಿ ಕಟ್ಟಿದ ಮೇಲೆ ಜಾತಕ ತೋರಿಸಿದ ಹಾಗಾಯಿತಲ್ಲಮ್ಮ ಎಂದು ಬೈಯೋಣವೆಂದುಕೊಂಡೆ. ಆದರೆ ಈ ವಿಷಯದಲ್ಲಿ ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಅಲ್ಲದೆ ಹೊತ್ತೂ ಮೀರಿಲ್ಲ. ಫ್ಲಾರಿಡಾದ ಕಾನೂನಿನಲ್ಲಿ ಇಂಥ, ರಜೆಯ ಕೋಣೆಯಲ್ಲಿ ವರ್ಷಕ್ಕಿಷ್ಟು ದಿನ ಇರುವ ಹಕ್ಕಿನ ಟೈಮ್‌ಶೇರ್ ಕೊಂಡವರಿಗೆ ಮನಸ್ಸು ಬದಲಿಸಲು ಹತ್ತು ದಿನ ಇದೆ. ಸಹಿ ಹಾಕಿದ ದಿನದಿಂದ, ಇಲ್ಲವೇ ಕೊಡಬೇಕಾದ ಕಾಗದಗಳೆಲ್ಲ ಕೈಗೆ ಬಂದ ದಿನದಿಂದ, ಯಾವುದು ತಡವೋ ಅದರಿಂದ ಎಣಿಸಬೇಕು. ಈ ಹಕ್ಕನ್ನು ನೀನೇ ಬರೆದುಕೊಟ್ಟರೂ ಬಿಟ್ಟುಕೊಡಲು ಬರುವುದಿಲ್ಲ. ಕಾಗದ ಸೋಮವಾರವೇ ಸಿಕ್ಕಿದೆ ಎಂದು ಹಿಡಿದರೂ ಗುರುವಾರದ ತನಕ ಸಮಯವಿದೆ. ಅದಕ್ಕೇ ಕಾಫಿ ಕುಡಿದವನೇ ಬರೆಯಲು ಕೂತಿದ್ದೇನೆ. ಬರೆದು ಮುಗಿಸಿ ಫೋಟೋ ಹೊಡೆದು ವಾಟ್ಸಾಪ್‌ನಲ್ಲೇ ಕಳಿಸುತ್ತೇನೆ, ಅಂಚೆಯನ್ನು ನಂಬಿ ಕೂರುವ ಕಾಲ ಇದಲ್ಲ.

ಮೊದಲು ನೀನು ಕೊಂಡದ್ದು ಏನು ಎಂದು ನೋಡೋಣ. ಮಾರಿದವರು ‘ಓನರ್’ ಎಂದು ಕರೆದು ಕೈ ಕುಲುಕಿರುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಿಮ್ಮಪ್ಪ, ನಾನು ಹುಡುಗರಾಗಿದ್ದಾಗ ಭೋಗ್ಯದ ಮನೆಯಲ್ಲಿದ್ದೆವು. ಒಂದು ಗಂಟು ಹಣ ಕೊಟ್ಟು ಮೂರು ವರ್ಷ ಇದ್ದೆವು. ಬಾಡಿಗೆ ಇಲ್ಲ. ಬಿಡುವಾಗ ಕೊಟ್ಟ ಹಣ ಕೊಟ್ಟ ಹಾಗೇ ವಾಪಸ್ ಬಂತು. ನೀನು ಕೊಂಡಿರುವುದೂ ಒಂದು ಬಗೆಯ ಭೋಗ್ಯವೇ. ಆದರೆ ಇಲ್ಲಿ ಗಂಟು ವಾಪಸ್ ಬರುವುದಿಲ್ಲ, ಮೇಲೆ ವರ್ಷವರ್ಷ ಬಾಡಿಗೆಯ ಹಾಗೆ ನಿರ್ವಹಣಾ ಶುಲ್ಕ ಬೇರೆ. ಅವಧಿ 2070ರ ಜನವರಿಗೆ ಮುಗಿಯುತ್ತದೆ. ಮಿಕ್ಕಿಯ ಕಿವಿ ಹಾಕಿಕೊಂಡು ಮಲಗಿದ್ದಾನಲ್ಲ, ಅವನಿಗೆ ಆಗ ಐವತ್ತರ ಹತ್ತಿರ.

ಈ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಲ್ಲ, ಯುರೋಪಿನಲ್ಲಿ, 1960ರ ದಶಕದಲ್ಲಿ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಒಂದು ಹಿಮವಿಹಾರದಲ್ಲಿ ಕೋಣೆಗಳನ್ನು ವಾರದ ಲೆಕ್ಕದಲ್ಲಿ ಮಾರಿದರು. ಅಡಿಕೆ ತೋಟಕ್ಕೆ ನೀರಿನ ಸರದಿ ಇರುತ್ತದಲ್ಲ, ಮಂಗಳವಾರ ನಿಮ್ಮದು, ಬುಧವಾರ ನಮ್ಮದು, ಆ ಥರ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಎಂಬ ಸಂಸ್ಥೆ 1963ರಲ್ಲಿ ಶುರುವಾಗಿ, ವಾರದ ಬದಲು ವರ್ಷವರ್ಷ ಸಿಗುವ, ಕೋಣೆಗೂ ದಿನಕ್ಕೂ ತಕ್ಕಂತೆ ಖರ್ಚುಮಾಡುವ ಪಾಯಿಂಟಿನ ದಾರಿ ಹಿಡಿಯಿತು. ಡಿಸ್ನಿಯವರು ಬಂದದ್ದು 1991ರಲ್ಲಿ. ಆಗ ಪಾಯಿಂಟಿಗೆ 51 ಡಾಲರ್, ಕನಿಷ್ಠ 230 ಪಾಯಿಂಟ್ ಕೊಳ್ಳಬೇಕಿತ್ತು. ಹನ್ನೊಂದು ಮುಕ್ಕಾಲು ಸಾವಿರ ಡಾಲರ್ ಹತ್ತಿರ ಆಯಿತು. ಅವತ್ತು ಕೊಂಡು, ಪ್ರತಿ ವರ್ಷ ಬಿಡದೆ ಹೋಗಿಬಂದವರು ಕೆಟ್ಟಿಲ್ಲ, ಅದನ್ನು ಒಪ್ಪುತ್ತೇನೆ. ಈಗ ಪಾಯಿಂಟಿನ ಬೆಲೆ ಇನ್ನೂರು ಡಾಲರ್ ದಾಟಿದೆ.

ಪಾಯಿಂಟಿನಲ್ಲಿ ಒಂದು ಅನುಕೂಲ ಇದೆ, ಒಂದು ಮೋಡಿಯೂ ಇದೆ. ಅನುಕೂಲ ಏನೆಂದರೆ ಇದೇ ವಾರ ಹೋಗಬೇಕೆಂಬ ಕಟ್ಟುಪಾಡಿಲ್ಲ. ನಿನ್ನ ಸ್ವಂತ ರೆಸಾರ್ಟಿಗೆ 11 ತಿಂಗಳು ಮೊದಲೇ, ಉಳಿದವಕ್ಕೆ 7 ತಿಂಗಳು ಮೊದಲು ಬುಕ್ ಮಾಡಬಹುದು. ಮುಂದಿನ ವರ್ಷದ್ದನ್ನು ಎರವಲು ತರಬಹುದು, ಈ ವರ್ಷದ್ದನ್ನು ಮುಂದಕ್ಕೆ ಕೂಡಿಡಬಹುದು. ಕೂಡಿಡಲು ನಿನ್ನ ‘ಯೂಸ್ ಇಯರ್’, ಅಂದರೆ ಪಾಯಿಂಟಿನ ವರ್ಷದ, ಮೊದಲ ಎಂಟು ತಿಂಗಳೊಳಗೇ ಹೇಳಬೇಕು, ಒಮ್ಮೆ ಕೂಡಿಟ್ಟದ್ದನ್ನು ಮತ್ತೆ ಕೂಡಿಡಲು ಬರುವುದಿಲ್ಲ. ಇನ್ನು ಮೋಡಿ: ಡಾಲರ್ ಎಂದರೆ ಎದೆ ಹೊಡೆದುಕೊಳ್ಳುತ್ತದೆ, ಪಾಯಿಂಟ್ ಎಂದರೆ ಹೊಡೆದುಕೊಳ್ಳುವುದಿಲ್ಲ. ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವನು ದುಡ್ಡು ತೆಗೆದುಕೊಂಡು ಬಣ್ಣದ ಚೀಟಿ ಕೊಡುತ್ತಿದ್ದ, ಚೀಟಿ ಕೈಯಲ್ಲಿದ್ದರೆ ದುಡ್ಡು ಖರ್ಚಾದದ್ದೇ ಮರೆತುಹೋಗುತ್ತಿತ್ತು. ಇನ್ನೊಂದು ಸಂಗತಿಯನ್ನು ಅವರು ಒತ್ತಿ ಹೇಳಿರಲಾರರು. ಒಂದು ಕೋಣೆಗೆ ವರ್ಷದ ಒಟ್ಟು ಪಾಯಿಂಟನ್ನು ಏರಿಸುವಂತಿಲ್ಲ, ನಿಜ. ಆದರೆ ಈ ದಿನದಿಂದ ಇಳಿಸಿ ಆ ದಿನಕ್ಕೆ ಏರಿಸಬಹುದು. ಕ್ರಿಸ್‌ಮಸ್ ವಾರಕ್ಕೆ, ಈಸ್ಟರ್ ವಾರಕ್ಕೆ ಪಾಯಿಂಟು ಕಿತ್ತುಕೊಳ್ಳುತ್ತಾರೆ, ಮಕ್ಕಳಿಗೆ ಶಾಲೆಯ ರಜೆ ಇರುವುದೂ ಆಗಲೇ.

ನಿನಗೆ ಮನಸ್ಸಾದದ್ದು ಅಡುಗೆಮನೆ ನೋಡಿ ಎಂದು ದೊಡ್ಡಮ್ಮ ಊಹಿಸಿದಳು, ಫೋನಿನಲ್ಲಿ ನೀನು ಹೂಂ ಅಂದೆಯಂತೆ. ಅತ್ತೆ ಮಾವ ಬಂದಾಗ ಅಲ್ಲೇ ಅನ್ನ ಸಾರು ಮಾಡಿ ಹಾಕಬಹುದು ಎಂಬ ಆಸೆ. ಒಳ್ಳೆಯ ಆಸೆ. ಆದರೆ ನೀವು ನೋಡಿದ ಮಾದರಿ ಕೋಣೆ ಯಾವುದು, ವಿಚಾರಿಸಿಕೋ. ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುವುದು ಒಂದು ಬೆಡ್‌ರೂಮಿನ ವಿಲ್ಲಾದಿಂದ ಮೇಲಕ್ಕೆ. ಸ್ಟುಡಿಯೋದಲ್ಲಿ ಚಿಕ್ಕ ಫ್ರಿಜ್, ಮೈಕ್ರೋವೇವ್ ಅಷ್ಟೇ. 150 ಪಾಯಿಂಟಿಗೆ ಒಂದು ವಾರವೆಂದರೆ ಬಹುಪಾಲು ಸ್ಟುಡಿಯೋವೇ. ಬೆಡ್‌ರೂಮಿನ ವಿಲ್ಲಾಕ್ಕೆ ಸರಿಸುಮಾರು ದುಪ್ಪಟ್ಟು ಬೇಕು. ಮೈಕ್ರೋವೇವಿನಲ್ಲಿ ಒಗ್ಗರಣೆ ಹಾಕಿದವರನ್ನು ನಾನಂತೂ ಕಂಡಿಲ್ಲ.

ಈಗ ಲೆಕ್ಕ. ಸರಿಯಾದ ಅಂಕಿ ನಿನ್ನ ಕಾಗದದಲ್ಲಿರುತ್ತದೆ, ನಾನು ಅಂದಾಜಿನಲ್ಲಿ ಪಾಯಿಂಟಿಗೆ 225 ಡಾಲರ್, ವಾರ್ಷಿಕ ಶುಲ್ಕ ಎಂಟೂವರೆ ಡಾಲರ್ ಹಿಡಿದಿದ್ದೇನೆ. 150 ಪಾಯಿಂಟಿಗೆ 33,750. ಶುಲ್ಕ ಮೊದಲ ವರ್ಷ 1,275, ಆಮೇಲೆ ಏರುತ್ತಲೇ ಹೋಗುತ್ತದೆ. ಗಂಟನ್ನು 45 ವರ್ಷಕ್ಕೆ ಹಂಚಿ ಶುಲ್ಕ ಸೇರಿಸಿದರೆ ವರ್ಷಕ್ಕೆ 2,025 ಬರುತ್ತದೆ. ಅಲ್ಲಿ ಕೂರಿಸಿಕೊಂಡು ನಿಮಗೆ ತೋರಿಸಿದ್ದು ಹೆಚ್ಚುಕಡಿಮೆ ಇದನ್ನೇ ಇರಬೇಕು, ಹೋಟೆಲಿನ ದರದ ಪಕ್ಕ ಇಟ್ಟರೆ ಹಬ್ಬದ ಹಾಗೆ ಕಾಣುತ್ತದೆ. ಆದರೆ ಆ 33,750ನ್ನು ಬ್ಯಾಂಕಿನಲ್ಲಿಟ್ಟು ನಾಲ್ಕು ಪರ್ಸೆಂಟ್ ಬಡ್ಡಿ ಬಂದರೂ ವರ್ಷಕ್ಕೆ 1,350. ಅದನ್ನೂ ಸೇರಿಸಿದರೆ 3,375 ಆಯಿತು. ಇನ್ನೊಂದು ಕಡೆ, ತಾವು ಹೋಗಲಾಗದ ಸದಸ್ಯರು ತಮ್ಮ ಪಾಯಿಂಟನ್ನು ಬಾಡಿಗೆಗೆ ಕೊಡುತ್ತಾರೆ, ಪಾಯಿಂಟಿಗೆ ಇಪ್ಪತ್ತು ಡಾಲರ್ ಆಸುಪಾಸು. ಅದೇ ರೆಸಾರ್ಟು, ಅದೇ ಕೋಣೆ, 150 ಪಾಯಿಂಟಿಗೆ 3,000 ಡಾಲರ್. ಹೋಗುವ ವರ್ಷ ಮಾತ್ರ ಕೊಟ್ಟರೆ ಸಾಕು. ನೀವು ಸಾಲದಲ್ಲಿ ಕೊಂಡಿದ್ದರಂತೂ ಕೇಳಲೇಬೇಡ. ಹನ್ನೊಂದು ಪರ್ಸೆಂಟಿಗೆ ಹತ್ತು ವರ್ಷದ ಸಾಲ ಎಂದರೆ ತಿಂಗಳಿಗೆ 465 ಡಾಲರ್, ಕೊನೆಗೆ ಕಟ್ಟಿದ್ದು 55,800. ಬಡ್ಡಿಯೇ ಇಪ್ಪತ್ತೆರಡು ಸಾವಿರ.

ಈ ಲೆಕ್ಕವೆಲ್ಲ ಅಳಿಯಂದಿರು ನನಗಿಂತ ಚೆನ್ನಾಗಿ ಮಾಡುತ್ತಾರೆ. 1994ರಲ್ಲಿ ನನಗೂ ಲೆಕ್ಕ ಬರುತ್ತಿತ್ತು ಮಾರಾಯ್ತಿ, ಸೇತುವೆ ಕಟ್ಟುವ ಎಂಜಿನಿಯರ್ ನಾನು. ಒರ್ಲಾಂಡೋದಲ್ಲಿ ಒಂದು ಕಂಪನಿಯವರು (ಡಿಸ್ನಿಯಲ್ಲ, ಹೆಸರು ಬೇಡ) ಬೆಳಗಿನ ತಿಂಡಿಗೆ ಕರೆದರು. ತೊಂಬತ್ತು ನಿಮಿಷ ಕೂತು ಕೇಳಿದರೆ ಪಾರ್ಕಿನ ಟಿಕೆಟ್ ಪುಕ್ಕಟೆ. ಗಂಡ ಹೆಂಡತಿ ಇಬ್ಬರೂ ಬರಬೇಕೆಂಬ ಕರಾರು. ತೊಂಬತ್ತು ನಿಮಿಷ ನಾಲ್ಕು ಗಂಟೆಯಾಯಿತು. ಬೇಡ ಎಂದಾಗಲೆಲ್ಲ ಇನ್ನೊಬ್ಬ ಬಂದು ಕೂರುತ್ತಿದ್ದ, ದರ ಇಳಿಯುತ್ತಿತ್ತು, ಮಕ್ಕಳು ಆಟದ ಕೋಣೆಯಿಂದ ಹೊರಗೆ ಬಂದು ಹಸಿವು ಅಂದವು. ಸಹಿ ಹಾಕಿದೆ. ಹಾಕುವಾಗ ಮನಸ್ಸಿನಲ್ಲಿ ಇದ್ದದ್ದು ಲೆಕ್ಕವಲ್ಲ. ಈ ದೇಶದಲ್ಲಿ ನನಗೂ ಒಂದು ಜಾಗ ಆಯಿತು ಎಂಬ ಖುಷಿ. ಆಗ ಅದು ವಾರದ ಲೆಕ್ಕದ್ದು, 2001ರಲ್ಲಿ ಮತ್ತೆ ದುಡ್ಡು ಕಟ್ಟಿ ಪಾಯಿಂಟಿಗೆ ಬದಲಾಯಿಸಿಕೊಂಡೆ. ಎರಡನೇ ಸಲದ ಮೂರ್ಖತನಕ್ಕೆ ಹಸಿವಿನ ನೆಪವೂ ಇಲ್ಲ.

ಜಾಗ ಕೆಟ್ಟದಿರಲಿಲ್ಲ. ನಿನ್ನ ಅಣ್ಣಂದಿರು ಈಜು ಕಲಿತದ್ದು ಅಲ್ಲೇ. ಸಾಲದೆ ಬಂದದ್ದು ರಜೆ. ಆಫೀಸಿನಲ್ಲಿ ವರ್ಷಕ್ಕೆ ಹದಿನೈದು ದಿನ, ನಿಮಗೂ ಅಷ್ಟೇ ಅಲ್ಲವೇ? ಸಂಬಳದ ರಜೆ ಇಷ್ಟು ಕೊಡಲೇಬೇಕೆಂಬ ಕೇಂದ್ರದ ಕಾನೂನು ಈ ದೇಶದಲ್ಲಿ ಇವತ್ತಿಗೂ ಇಲ್ಲ. ಆ ಹದಿನೈದನ್ನು ನಾವು ಎರಡು ವರ್ಷ ಕೂಡಿಹಾಕಿ ಊರಿಗೆ ಹೋಗುತ್ತಿದ್ದೆವು. 1998ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು, ಇದ್ದಬದ್ದ ರಜೆ ಅಲ್ಲಿಗೆ. ಆಮೇಲೆ ನಿಮ್ಮ ಚಿಕ್ಕತ್ತೆಯ ಮದುವೆ. ಪಾಯಿಂಟ್ ಬಂದ ಮೇಲೆ ಕೂಡಿಡುತ್ತಾ ಹೋದೆವು, ಅವಧಿ ಮುಗಿದು ಉದುರಿಹೋದವು. ಎರಡು ವರ್ಷದ್ದು ಸೇರಿಸಿ ಎರಡು ವಾರ ಇರಿ ಎಂದು ಕಂಪನಿಯವರು ಹೇಳುವುದು ಸರಿ, ಆ ಎರಡು ವಾರದ ರಜೆಯನ್ನು ಪಾಯಿಂಟಿನಲ್ಲಿ ಕೊಡುವವರು ಯಾರು? 2006ರ ಡಿಸೆಂಬರಿನಲ್ಲಿ ಅಮ್ಮ ಹೋದಳು. ಹದಿಮೂರನೇ ದಿನ ಮುಗಿಸಿ ವಾಪಸ್ ಬಂದು ಬಾಗಿಲು ತೆಗೆದರೆ ಅಂಚೆಯ ರಾಶಿಯ ಮೇಲೆ ಆ ವರ್ಷದ ನಿರ್ವಹಣಾ ಶುಲ್ಕದ ಬಿಲ್ಲು. ಲಕೋಟೆಯ ಮೇಲೆ ಕಡಲ ತೀರದ ಚಿತ್ರ. ಕೋಟೂ ತೆಗೆಯದೆ ಮೆಟ್ಟಿಲ ಮೇಲೆ ಕೂತು ಚೆಕ್ ಬರೆದೆ.

ಕಳಚಿಕೊಂಡದ್ದು 2016ರಲ್ಲಿ. ಅದಕ್ಕೆ ಮೊದಲು ಮಾರಲು ನೋಡಿದೆ. ಒಂದು ಡಾಲರಿಗೆ ಕೊಡುತ್ತೇನೆಂದರೂ ಕೊಳ್ಳುವವರಿರಲಿಲ್ಲ. ಮಾರಿಸಿಕೊಡುತ್ತೇನೆ, ಗಿರಾಕಿ ತಯಾರಿದ್ದಾನೆ, ಮೊದಲು ಶುಲ್ಕ ಕಳಿಸಿ ಎಂದು ಫೋನು ಬಂತು. ದೊಡ್ಡಮ್ಮ ಫೋನು ಕಸಿದುಕೊಳ್ಳದಿದ್ದರೆ ಅದಕ್ಕೂ ಕಳಿಸುತ್ತಿದ್ದೆ. ಕೊನೆಗೆ ಕಂಪನಿಗೇ ಪುಕ್ಕಟೆಯಾಗಿ ಹಿಂದಕ್ಕೆ ಕೊಟ್ಟೆ, ಕಾಗದಪತ್ರದ ಖರ್ಚೂ ನನ್ನದೇ. ಈ ಕಥೆ ನಿಮ್ಮಪ್ಪನಿಗೆ ಗೊತ್ತಿಲ್ಲ, ಈಗಲೂ ಹೇಳಬೇಡ.

ನಿನ್ನದು ಅಷ್ಟು ಕೆಟ್ಟದ್ದಲ್ಲ ಎನ್ನುವುದನ್ನೂ ಹೇಳಬೇಕು. ಡಿಸ್ನಿಯದಕ್ಕೆ ಮರುಮಾರಾಟದ ಪೇಟೆ ಇದೆ, ಕರಾರಿಗೆ ಕೊನೆ ಇದೆ. ನನ್ನದಕ್ಕೆ ಎರಡೂ ಇರಲಿಲ್ಲ, ಮಕ್ಕಳ ತಲೆಗೆ ಹೋಗುತ್ತಿತ್ತು. ಆದರೆ ಆಯ್ಕೆಯಲ್ಲಿ ಎಡವಿದ್ದೀರಿ. 2019ರ ಜನವರಿಯಿಂದ ನಿಯಮ ಬದಲಾಗಿದೆ. ರಿವಿಯೇರಾದ ಪಾಯಿಂಟನ್ನು ನಿನ್ನಿಂದ ಕೊಂಡವನು ರಿವಿಯೇರಾದಲ್ಲಿ ಮಾತ್ರ ಇರಬಹುದು, ಬೇರೆಲ್ಲೂ ಇಲ್ಲ. ಅಂಥದಕ್ಕೆ ಅವನು ಎಷ್ಟು ಕೊಟ್ಟಾನು? ಮಾರುವ ಯೋಚನೆ ಈಗಲೇ ಯಾಕೆ ಎನ್ನಬಹುದು. ನಿಮ್ಮ ಎಚ್‌-1ಬಿ ವೀಸಾದ ಮೇಲೆ ಬರೆದಿರುವುದು ಮೂರು ವರ್ಷ, ಈ ಕರಾರಿನ ಮೇಲೆ 2070. ಗ್ರೀನ್ ಕಾರ್ಡಿನ ಸಾಲು ಎಲ್ಲಿದೆ ಎಂದು ನಿಮಗೇ ಗೊತ್ತು. ಕೆಲಸ ಹೋದರೆ ಈ ದೇಶದಲ್ಲಿ ಉಳಿಯಲು ಅರವತ್ತು ದಿನ. ಬೆಂಗಳೂರಿಗೆ ಮರಳಿ ರೂಪಾಯಿಯಲ್ಲಿ ದುಡಿದು ಡಾಲರಿನಲ್ಲಿ ಶುಲ್ಕ ಕಟ್ಟುವುದನ್ನು ಯೋಚಿಸಿ ನೋಡು. ಮೇಲೆ ನಿಮ್ಮಪ್ಪನ ಮಂಡಿ. ಹೋದ ತಿಂಗಳು ವಿಡಿಯೋದಲ್ಲಿ ಮಾತಾಡುವಾಗ ಕುರ್ಚಿಯಿಂದ ಏಳಲು ಅವನು ಮೇಜು ಹಿಡಿದುಕೊಂಡದ್ದನ್ನು ನೀನೂ ಗಮನಿಸಿರಬೇಕು. ನಿನ್ನ ಹದಿನೈದು ದಿನಕ್ಕೆ ಆಗಲೇ ಗಿರಾಕಿ ಇದ್ದಾನೆ.

ನನ್ನನ್ನು ಕೇಳಿದರೆ, ಇದನ್ನು ರದ್ದು ಮಾಡು. ಎರಡು ಸಲ ಬಾಡಿಗೆ ಪಾಯಿಂಟಿನಲ್ಲಿ ಹೋಗಿ ಬನ್ನಿ. ಮೂರನೇ ಸಲವೂ ಮಕ್ಕಳು ಅಲ್ಲಿಗೇ ಎಂದರೆ, ಕೈಯಲ್ಲಿ ಹಣವಿದ್ದರೆ, 2042ಕ್ಕೋ 2054ಕ್ಕೋ ಮುಗಿಯುವ ಹಳೆಯ ರೆಸಾರ್ಟಿನದನ್ನು ಇನ್ನೊಬ್ಬ ಸದಸ್ಯನಿಂದ ಕೊಳ್ಳಿ. ಡಿಸ್ನಿಯವರು ಬೇಕೆಂದರೆ ಅದೇ ಬೆಲೆಗೆ ತಾವೇ ಕೊಳ್ಳುವ ಹಕ್ಕು ಇಟ್ಟುಕೊಂಡಿದ್ದಾರೆ, ಒಂದೆರಡು ಸಲ ಕೈತಪ್ಪಬಹುದು. ತಪ್ಪಲಿ. ಹೊಸತಿಗಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ.

ರದ್ದು ಮಾಡಲು ಫೋನು ಸಾಲದು, ಫೋನು ಮಾಡಿದರೆ ಮತ್ತೆ ಒಪ್ಪಿಸಲು ನೋಡುತ್ತಾರೆ. ಬರವಣಿಗೆಯಲ್ಲಿ ಕೊಡಬೇಕು. ವಿಳಾಸ ಕರಾರಿನಲ್ಲೇ ಇರುತ್ತದೆ. ಕಾರಣ ಬರೆಯಬೇಕಾಗಿಲ್ಲ. ಕರಾರಿನ ಸಂಖ್ಯೆ, ಇಬ್ಬರ ಹೆಸರು, ಇಬ್ಬರ ಸಹಿ, ರದ್ದು ಮಾಡುತ್ತಿದ್ದೇವೆ ಎಂಬ ಒಂದು ಸಾಲು. ಅಂಚೆಯ ಮುದ್ರೆಯ ತಾರೀಖು ಲೆಕ್ಕಕ್ಕೆ ಬರುವುದರಿಂದ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಶೀದಿ ಇಟ್ಟುಕೋ. ಗುರುವಾರದ ತನಕ ಕಾಯಬೇಡ, ಮಂಗಳವಾರವೇ ಹೋಗು.

ಇಷ್ಟಾದ ಮೇಲೂ ನೀವಿಬ್ಬರೂ ಕೂತು ಯೋಚಿಸಿ ಇಟ್ಟುಕೊಳ್ಳುತ್ತೇವೆ ಎಂದರೆ ನನಗೇನೂ ಬೇಸರವಿಲ್ಲ. ದೊಡ್ಡಮ್ಮನಂತೂ ಈಗಲೇ ಚೀಲ ಕಟ್ಟಲು ತಯಾರು. ಸಾರಿನಪುಡಿ ನಾವೇ ತರುತ್ತೇವೆ, ಸ್ಟುಡಿಯೋ ಆದರೆ ಸಣ್ಣ ಇಂಡಕ್ಷನ್ ಒಲೆಯನ್ನೂ ತರುತ್ತೇನೆ ಎನ್ನುತ್ತಿದ್ದಾಳೆ. ಅದಕ್ಕೆ ಅಲ್ಲಿ ಬಿಡುತ್ತಾರೋ ಇಲ್ಲವೋ, ಕೇಳಿ ತಿಳಿಸು.

ಮಕ್ಕಳಿಗೆ ಮುದ್ದು, ಅಳಿಯಂದಿರಿಗೆ ಆಶೀರ್ವಾದ.

ಇಂತಿ ನಿನ್ನ,
ದೊಡ್ಡಪ್ಪ