ನಡೆದರೂ ತೂಕ ಇಳಿಯುತ್ತಿಲ್ಲವೇ?

ಪೆನ್ನಾಗರದ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಬೇಸರದಿಂದ ಹೇಳಿದರು: "ಸಕ್ಕರೆ ಕಾಯಿಲೆ ಐತೆ, ತೂಕ ಇಳಿಸಿ ಅಂದ್ರು. ದಿನಾ ಹೊಗೇನಕಲ್ ರಸ್ತೇಲಿ ಅರ್ಧ ಗಂಟೆ ನಡೀತೀನಿ. ಮೊದಲ್ನೇ ತಿಂಗಳು ಎರಡು ಕಿಲೋ ಇಳೀತು. ಆಮೇಲೆ ನಿಂತೇ ಹೋಯ್ತು. ಇನ್ನು ಯಾಕೆ ನಡೀಬೇಕು?"

ನಿಮಗೂ ಹೀಗಾಗಿದೆಯೇ? ನಡಿಗೆ ಬಿಡಬೇಡಿ. ಮೊದಲು ಕಾರಣ ತಿಳಿಯೋಣ.

ಮೊದಲ ವಾರಗಳಲ್ಲಿ ಕೊಬ್ಬಿನ ಜೊತೆ ಮೈಯ ನೀರೂ ಇಳಿಯುತ್ತದೆ. ಆಗ ತೂಕ ಬೇಗ ಇಳಿದಂತೆ ಕಾಣುತ್ತದೆ. ಮೈ ಹಗುರವಾದ ಮೇಲೆ ಅದೇ ದಾರಿ ನಡೆಯಲು ಕಡಿಮೆ ಶಕ್ತಿ ಸಾಕು. ನಡೆದರೆ ಹಸಿವೂ ಹೆಚ್ಚು. ಗೊತ್ತಿಲ್ಲದೆ ನಾಲ್ಕು ತುತ್ತು ಜಾಸ್ತಿ ತಿನ್ನುತ್ತೇವೆ.

ಲೆಕ್ಕ ಮಾಡೋಣ. 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚು. ಟೀಯಲ್ಲಿ ಎರಡು ಚಮಚ ಸಕ್ಕರೆ, 40 ಕ್ಯಾಲೊರಿ. ಬಜ್ಜಿ ಹೀರಿದ ಎಣ್ಣೆ ಎರಡು ಚಮಚವಾದರೆ 90. ಒಟ್ಟು 130. ಹಾಲು, ಹಿಟ್ಟು ಬೇರೆ. ನಡೆದದ್ದೆಲ್ಲ ಟೀ ಅಂಗಡಿಯಲ್ಲೇ ಮುಗಿಯಿತು!

ಏನು ಮಾಡಬೇಕು?

1. ವಾರಕ್ಕೆ ಒಮ್ಮೆ ಮಾತ್ರ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಬರೆದಿಡಿ.
2. ಸೊಂಟಕ್ಕೆ ದಾರ ಸುತ್ತಿ ಗಂಟು ಹಾಕಿ. ತಿಂಗಳಿಗೊಮ್ಮೆ ಅದೇ ದಾರದಿಂದ ಅಳೆಯಿರಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಬಾರದು.
3. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಣ್ಣೆ ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕಿಲೋ.
4. ರಾಗಿ ಒಳ್ಳೆಯದು. ಆದರೆ ಮುದ್ದೆ ಚಿಕ್ಕದಿರಲಿ. ಸೊಪ್ಪು, ಹುರುಳಿ ಸಾರು ಹೆಚ್ಚಿರಲಿ.
5. ನಡಿಗೆಯನ್ನು ನಿಧಾನವಾಗಿ 45 ನಿಮಿಷಕ್ಕೆ ಏರಿಸಿ.

ಎಚ್ಚರಿಕೆ: ಉಪವಾಸ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ತಲೆ ಸುತ್ತಬಹುದು. ತೂಕ ಏರುತ್ತಲೇ ಇದ್ದರೆ, ಕಾಲು ಊದಿದರೆ, ಸುಸ್ತು ಹೆಚ್ಚಾದರೆ ವೈದ್ಯರನ್ನು ಕಾಣಿ. 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯ ಕಾರ್ಯಕರ್ತೆಯರು ಮನೆಗೆ ಬಂದಾಗ ಬಿ.ಪಿ., ಸಕ್ಕರೆ ತೋರಿಸಿಕೊಳ್ಳಿ.

ಅಕ್ಕ ನಡಿಗೆ ಬಿಡಲಿಲ್ಲ. ಎರಡು ತಿಂಗಳಾಯಿತು. ತಕ್ಕಡಿಯಲ್ಲಿ ಅರ್ಧ ಕಿಲೋ ಮಾತ್ರ ಇಳಿದಿತ್ತು. ದಾರದ ಗಂಟು ಮಾತ್ರ ಎರಡು ಬೆರಳು ಒಳಗೆ ಬಂದಿತ್ತು. ರಕ್ತದ ಸಕ್ಕರೆಯೂ ಇಳಿದಿತ್ತು. ಆ ಅಂಕಿಯನ್ನು ಅವರೇ ತಮ್ಮ ಪುಸ್ತಕದಲ್ಲಿ ಬರೆದರು. ತಕ್ಕಡಿ ಎಲ್ಲವನ್ನೂ ಹೇಳುವುದಿಲ್ಲ.

ಅಭ್ಯಾಸ

ಓದಿ, ಬರೆಯಿರಿ: ತಕ್ಕಡಿ, ಸೊಂಟ, ಕೊಬ್ಬು, ಎಣ್ಣೆ, ಮುದ್ದೆ.
ಉತ್ತರಿಸಿ: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬರುತ್ತದೆ? ಎಷ್ಟು ಜನ ಇದ್ದೀರಿ? ಒಬ್ಬರಿಗೆ ದಿನಕ್ಕೆ ಎಷ್ಟು ಗ್ರಾಂ ಆಯಿತು?